ಹಗ್ಗ ಹಿಡಿದವನ ಪಾಲು

ಎರಡನೇ ಮಹಾಯುದ್ಧ ಗೆದ್ದವರು ಯಾರು ಅಂತ ಈಗ ನನ್ನ ಹತ್ತಿರ ಯಾರೂ ಜಗಳಕ್ಕೆ ಬರುವುದಿಲ್ಲ. ರಿಟೈರ್ ಆಗಿ ಎರಡು ವರ್ಷವಾಯಿತು. ಮಧುಗಿರಿಯ ನಮ್ಮ ಮನೆಗೆ ಬಂದವರು ಮಂಡಿ ನೋವು, ಶುಗರ್ರು, ಮಗಳಿಗೆ ಬಂದ ಸಂಬಂಧ, ಇಷ್ಟನ್ನು ಮಾತಾಡಿ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಮಧ್ಯಾಹ್ನ ಊಟದ ಹೊತ್ತು ದಾಟಿತು ಅಂದರೆ ನನಗೆ ಇವತ್ತಿಗೂ ಬಾಯಿ ನವೆಯುತ್ತದೆ. ಯಾರಾದರೂ ಎದುರು ಕೂತು, ಅದು ಹೆಂಗಕ್ಕ ಎಲ್ಲಾ ರಷ್ಯಾದ್ದೇ ಅಂತೀರಾ, ಅಂತ ಒಂದೇ ಒಂದು ಸಲ ಕೆಣಕಲಿ ಅನಿಸುತ್ತದೆ. ಹಾಗೆ ಕೆಣಕುವ ಒಬ್ಬರಿದ್ದರು. ಅವರನ್ನು ನಾನೇ ಕೈಯಾರೆ ಕಳಕೊಂಡೆ.

ಮಧುಗಿರಿಯಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿ, ಬಡವನಹಳ್ಳಿ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಡಂ ಆಗಿದ್ದೆ. ಅದಕ್ಕೂ ಮುಂಚೆ ಕೊರಟಗೆರೆ ಕಡೆ ಇದ್ದೆ. ಅಲ್ಲಿದ್ದವರೆಲ್ಲ ಬಲು ಸೌಮ್ಯದ ಜನ, ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು, ನನಗೆ ಹೊತ್ತೇ ಹೋಗುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಒಬ್ಬರು ಸಿಕ್ಕಿದರು. ಗಣಿತದ ಮೇಷ್ಟ್ರು, ಶಿರಾದವರು, ನನಗಿಂತ ಎಂಟು ವರ್ಷ ಚಿಕ್ಕವರು. ನಾನು ಮಧುಗಿರಿ ಬಸ್ಸಿಗೆ, ಅವರು ಶಿರಾ ಬಸ್ಸಿಗೆ. ಎರಡೂ ಬಸ್ಸು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ರಸ್ತೆಯ ಆ ಕಡೆ ಈ ಕಡೆ ಬಂದು ನಿಲ್ಲುತ್ತಿದ್ದವು. ಇಳಿದವರೇ ರಸ್ತೆ ದಾಟುತ್ತ ಹಿಂದಿನ ದಿನದ ಜಗಳವನ್ನು ಬಿಟ್ಟಲ್ಲಿಂದ ಹಿಡಿಯುತ್ತಿದ್ದೆವು. ಕಾಂಪೌಂಡಿನಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳು ನಮ್ಮನ್ನು ನೋಡಿ ಮುಸಿಮುಸಿ ನಗುತ್ತಿದ್ದರು.

ಶುರುವಾದದ್ದು ಹೀಗೆ. ಹತ್ತನೇ ಕ್ಲಾಸಿಗೆ ಯುದ್ಧದ ಪಾಠ ಮಾಡುತ್ತಿದ್ದೆ. ಬೆಲ್ಲು ಹೊಡೆದಿತ್ತು, ಮುಂದಿನ ಪೀರಿಯಡ್ಡು ಅವರದು, ಚಾಕ್‌ಪೀಸು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಗಮನಿಸದೆ, ಜರ್ಮನಿಯ ಸೊಂಟ ಮುರಿದದ್ದು ರಷ್ಯಾ, ಮಿಕ್ಕವರೆಲ್ಲ ಮದುವೆ ಮನೆಗೆ ಊಟದ ಹೊತ್ತಿಗೆ ಬಂದವರು, ಅಂದುಬಿಟ್ಟೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವ ಮೊದಲೇ ಅವರು ಕೇಳಿದರು: ಆ ರಷ್ಯಾದವರು ಓಡಾಡಿದ ಲಾರಿ ಯಾರದು? ಕಾಲಿಗೆ ಹಾಕ್ಕೊಂಡ ಬೂಟು ಯಾರದು? ಡಬ್ಬಿಯಲ್ಲಿ ತುಂಬಿಸಿಕೊಂಡು ತಿಂದ ಮಾಂಸ ಯಾರದು? ಎಲ್ಲಾ ಅಮೆರಿಕ ಹಡಗಿನಲ್ಲಿ ಕಳಿಸಿದ್ದು ಅಕ್ಕ. ಬರೀ ಎದೆ ಕೊಟ್ಟರೆ ಯುದ್ಧ ಗೆಲ್ಲಕ್ಕಾಗಲ್ಲ, ಲೆಕ್ಕ ಬೇಕು. ನಾನು ಸುಮ್ಮನಿರುವವಳೇ? ಎದೆ ಕೊಡದೆ ಲಾರಿ ಕೊಟ್ಟವನು ಗೆದ್ದ ಅನ್ನೋದಾದರೆ ನಮ್ಮ ಸ್ಕೂಲಿನ ರಿಸಲ್ಟು ಬೆಂಚು ಮಾಡಿದ ಬಡಗಿದು ಅಂದೆ. ಅವತ್ತು ಅವರ ಮುಖ ಒಂದು ಚಣ ಸಪ್ಪಗಾಯಿತು. ಯಾಕೆ ಅಂತ ನಾನು ಕೇಳಲಿಲ್ಲ.

ನನಗೆ ರಷ್ಯಾ ಮೇಲೆ ಅಷ್ಟು ಮಮತೆ ಯಾಕೆ ಅಂದರೆ, ಹೇಳಿದರೆ ನಗುತ್ತೀರಿ. ನಮ್ಮದು ಬೆಟ್ಟದ ಬುಡದಲ್ಲಿ ಪೂಜೆ ಮಾಡಿಕೊಂಡು ಬಂದ ಮನೆತನ. ಮನೆಯಲ್ಲಿ ಪಂಚಾಂಗ ಬಿಟ್ಟರೆ ಪುಸ್ತಕವಿರಲಿಲ್ಲ. ಆದರೆ ನಮ್ಮಪ್ಪನಿಗೆ ಯಾರೋ ರಷ್ಯಾದಿಂದ ಬರುವ ಒಂದು ಬಣ್ಣದ ಮಾಸಪತ್ರಿಕೆ ತರಿಸಿ ಕೊಡುತ್ತಿದ್ದರು. ಆ ನುಣುಪು ಹಾಳೆಯಲ್ಲಿ ನನ್ನ ಸ್ಕೂಲು ಪುಸ್ತಕಕ್ಕೆಲ್ಲ ರಟ್ಟು ಹಾಕಿಸಿಕೊಳ್ಳುತ್ತಿದ್ದೆ. ಟ್ರ್ಯಾಕ್ಟರ್ ಓಡಿಸುವ ಕೆಂಪು ಕೆನ್ನೆಯ ಹೆಂಗಸರು, ಹಿಮದಲ್ಲಿ ನಿಂತ ಸೈನಿಕರು. ಗಣಿತದ ಪುಸ್ತಕದ ಮೇಲಿದ್ದ ಒಬ್ಬ ಸೈನಿಕನ ಮುಖ ಒಂದು ವರ್ಷ ಪೂರ್ತಿ ನೋಡಿದ್ದೆ. ಅವನು ಸೋತ ಅಂದರೆ ನನಗೆ ಹೇಗೆ ತಡೆದೀತು ಹೇಳಿ.

ಒಂದು ವರ್ಷ ಬಾಯಲ್ಲೇ ಕಿತ್ತಾಡಿದೆವು. ನನ್ನ ಗಂಟಲು ದೊಡ್ಡದು, ಅವರದು ಮೆತ್ತನೆಯದು. ಹೆಡ್‌ಮಾಸ್ಟರು ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದರು. ಆಗ ಮೇಷ್ಟ್ರೇ ಒಂದು ದಾರಿ ಹುಡುಕಿದರು. ಬಾಯಲ್ಲಿ ಬೇಡ ಅಕ್ಕ, ಗುಡ್ಡೆ ಹಾಕೋಣ ಅಂದರು. ಗುಡ್ಡೆ ಹಾಕೋದು ಅಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಹಬ್ಬದ ಮಾರನೇ ದಿನ ನಾಲ್ಕು ಮನೆಯವರು ಸೇರಿ ಕುರಿ ಕಡಿದು, ಬಾಡನ್ನು ಎಲೆಯ ಮೇಲೆ ಗುಡ್ಡೆಗುಡ್ಡೆ ಮಾಡಿ ಹಂಚಿಕೊಳ್ಳುವುದು. ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ, ಇನ್ನೊಬ್ಬ ಗುಡ್ಡೆ ಮುಟ್ಟಿ ಇದು ಯಾರಿಗೆ ಅನ್ನುತ್ತಾನೆ, ಬೆನ್ನು ತಿರುಗಿಸಿದವನು ಹೆಸರು ಹೇಳುತ್ತಾನೆ. ಮೋಸಕ್ಕೆ ಜಾಗವಿಲ್ಲ. ನಾನು ಬಾಡಿನ ಗುಡ್ಡೆಯನ್ನು ಹುಟ್ಟಿದಾರಭ್ಯ ಕಂಡವಳಲ್ಲ, ಆದರೂ ಉಪಾಯ ಹಿಡಿಸಿತು.

ಬಿಸಿಯೂಟ ಮಾಡುವ ಅಕ್ಕ ತಮ್ಮ ಹೊಲದ ಕಡಲೆಕಾಯಿಯನ್ನು ಹುರಿದು ದಿನಾ ಒಂದು ಬೊಗಸೆ ತಂದುಕೊಡುತ್ತಿದ್ದರು. ಅದರಲ್ಲಿ ಇಪ್ಪತ್ತು ಕಾಯಿ ಎಣಿಸಿ ಹಳೇ ಪೇಪರಿನ ಮೇಲೆ ಸುರಿಯುವುದು. ಗೆಲುವು ಅಂದರೆ ಆ ಇಪ್ಪತ್ತು ಕಾಯಿ. ರಷ್ಯಾಕ್ಕೊಂದು ಗುಡ್ಡೆ, ಅಮೆರಿಕಕ್ಕೊಂದು, ಇಂಗ್ಲೆಂಡಿಗೊಂದು. ಕಾರಣ ಕೊಡದೆ ಒಂದು ಕಾಯಿಯನ್ನೂ ಆ ಗುಡ್ಡೆಯಿಂದ ಈ ಗುಡ್ಡೆಗೆ ಸರಿಸುವ ಹಾಗಿಲ್ಲ. ಬೆಲ್ಲು ಹೊಡೆದಾಗ ಯಾರ ಪಕ್ಷದ ಗುಡ್ಡೆ ಎಷ್ಟಿದೆಯೋ ಅಷ್ಟು ಅವರು ತಿನ್ನುವುದು. ಇಂಗ್ಲೆಂಡಿನ ಪಾಲು ಅಡುಗೆ ಅಕ್ಕನಿಗೆ ಹೋಗುತ್ತಿತ್ತು, ಯಾಕೆಂದರೆ ನಮ್ಮನ್ನು ಆಳಿದವರ ಗುಡ್ಡೆಯನ್ನು ನಾವಿಬ್ಬರೂ ಮುಟ್ಟುತ್ತಿರಲಿಲ್ಲ. ನಾನು ಹದಿಮೂರರಿಂದ ಶುರು ಮಾಡಿದರೆ ಮೇಷ್ಟ್ರು ಹಡಗು, ಲಾರಿ, ಪೆಟ್ರೋಲು ಅಂತ ಹೇಳಿ ಹೇಳಿ ಒಂಬತ್ತಕ್ಕಿಳಿಸುತ್ತಿದ್ದರು. ನಾನು ವೋಲ್ಗಾ ದಂಡೆಯ ಊರಿನಲ್ಲಿ ಹಸಿದು ಹಸಿದು ಕಾದಾಡಿದವರನ್ನು ನೆನಪಿಸಿ ಮತ್ತೆ ಹನ್ನೊಂದಕ್ಕೆ ಏರಿಸುತ್ತಿದ್ದೆ. ಒಂದು ಕಾಯಿಗೆ ಇಡೀ ವಾರ ಗುದ್ದಾಡಿದ್ದೂ ಇದೆ. ಅಯ್ಯೋ, ಆ ದಿನಗಳೇ ದಿನಗಳು. ಗಂಡನ ಜೊತೆ ನಾನು ಅಷ್ಟು ಮಾತಾಡಿದವಳಲ್ಲ.

ಒಂದು ದಿನ ಮೇಷ್ಟ್ರು ಪೇಪರಿನ ಮೂಲೆಯಲ್ಲಿ ನಾಲ್ಕನೇ ಗುಡ್ಡೆ ಇಟ್ಟರು. ಗುಡ್ಡೆ ಅಂದರೆ ಎರಡೇ ಕಾಯಿ. ಅಮೆರಿಕದಿಂದ ಒಂದು, ಇಂಗ್ಲೆಂಡಿನಿಂದ ಒಂದು ತೆಗೆದಿದ್ದರು, ನನ್ನ ರಷ್ಯಾವನ್ನು ಮುಟ್ಟಿರಲಿಲ್ಲ. ಇದೇನು ಅಂದೆ. ಇದು ನಮ್ಮೋರದು ಅಂದರು. ಅವರ ತಾಯಿಯ ಅಪ್ಪ, ಅವರು ನಾನಾ ಅನ್ನುತ್ತಿದ್ದರು, ಶಿರಾದಲ್ಲಿ ಬಡಗಿಯಾಗಿದ್ದರಂತೆ. ಯುದ್ಧಕ್ಕೆ ಜನ ಬೇಕು ಅಂತ ಕರೆದಾಗ ಸೇತುವೆ ಕಟ್ಟುವ ಪಡೆಗೆ ಸೇರಿ ಬರ್ಮಾ ಕಡೆ ಹೋದರಂತೆ. ದೋಣಿಗಳನ್ನು ಹಗ್ಗದಲ್ಲಿ ಬಿಗಿದು, ಮೇಲೆ ಹಲಗೆ ಹೊಡೆದು, ಸೈನ್ಯ ಹೊಳೆ ದಾಟುವ ಹಾಗೆ ಮಾಡುವ ಕೆಲಸ. ಗುಂಡು ತಗುಲಲಿಲ್ಲ, ಜ್ವರದಲ್ಲಿ ಹೋದರು, ಒಂದು ಕಾಗದ ಬಂತು, ಅಷ್ಟೆ. ಇದನ್ನು ಮೇಷ್ಟ್ರು ಒಂದೇ ಸಲ ಹೇಳಿದ್ದು, ಅದೂ ಕಾಯಿಯ ಸಿಪ್ಪೆ ಕೆರೆಯುತ್ತ, ತಲೆ ಎತ್ತದೆ.

ನಾನೇನು ಕಲ್ಲಲ್ಲ. ಪಾಪ ಅನಿಸಿತು. ಆದರೆ ವಾದಕ್ಕೆ ಕೂತಾಗ ನನಗೆ ಪಾಪ ಪುಣ್ಯ ನೆನಪಾಗುವುದಿಲ್ಲ, ಅದೇ ನನ್ನ ಕರ್ಮ. ಬರ್ಮಾದ ಯುದ್ಧ ಬೇರೆ, ಜರ್ಮನಿಯದು ಬೇರೆ, ನಾವು ಹಂಚುತ್ತಿರೋದು ಜರ್ಮನಿಯ ಸೋಲು ಅಂತ ಆ ಎರಡನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಯುದ್ಧ ಅಂದ ಮೇಲೆ ಎಲ್ಲಾ ಒಂದೇ ಅಕ್ಕ ಅಂತ ಅವರು ಮತ್ತೆ ತಂದಿಡುತ್ತಿದ್ದರು. ಮೂರಾಗಲಿ ಅಂತ ಒಂದು ದಿನವೂ ಕೇಳಲಿಲ್ಲ. ಬೆಲ್ಲು ಹೊಡೆದ ಮೇಲೆ ಆ ಎರಡನ್ನು ತಿನ್ನುತ್ತಲೂ ಇರಲಿಲ್ಲ, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮನೇಲಿ ಯಾರಿಗೋ ಕಡಲೆಕಾಯಿ ಇಷ್ಟ ಇರಬೇಕು ಅಂದುಕೊಂಡೆ.

ಕೊರೊನಾ ಮುಗಿದು ಸ್ಕೂಲು ತೆರೆದ ಮುಂದಿನ ವರ್ಷ, ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಬೆಳಗ್ಗೆ ಮೇಲಿನ ಆಫೀಸಿನಿಂದ ಯಾರೋ ಬಂದು ನನ್ನನ್ನು ಮಕ್ಕಳೆದುರೇ ಗದರಿದ್ದರು. ಕಂಪ್ಯೂಟರಿಗೆ ಏನೋ ಮಾಹಿತಿ ತುಂಬಿಸಿರಲಿಲ್ಲ ಅಂತ. ಮೂವತ್ತು ವರ್ಷ ಪಾಠ ಮಾಡಿದ್ದು ಲೆಕ್ಕಕ್ಕಿಲ್ಲ, ಆ ಮಾಹಿತಿ ಬೇಕಂತೆ. ಮಧ್ಯಾಹ್ನಕ್ಕೆ ನನ್ನ ಸಿಟ್ಟು ನೆತ್ತಿಗೇರಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಮೇಷ್ಟ್ರು ಎಂದಿನಂತೆ ಮೂಲೆಯಲ್ಲಿ ಎರಡು ಕಾಯಿ ಇಟ್ಟರು. ನಾನು ಅಂಗೈಯಲ್ಲಿ ಬಳಿದು ರಷ್ಯಾದ ಗುಡ್ಡೆಗೆ ಸೇರಿಸಿದೆ.

"ಸೇತುವೆಗೆ ಹಲಗೆ ಹೊಡೆದೋರಿಗೆಲ್ಲ ಪಾಲು ಕೊಡ್ತಾ ಹೋದ್ರೆ ನಾಳೆ ಟೀ ಕಾಸಿದೋನೂ ಯುದ್ಧ ಗೆದ್ದೆ ಅಂತಾನೆ ಮೇಷ್ಟ್ರೇ," ಅಂದೆ. "ನಾನು ಇತಿಹಾಸ ಓದಿದೋಳು ಹೇಳ್ತಿದೀನಿ. ಪುಸ್ತಕದಲ್ಲಿ ಇಲ್ಲ ಅಂದ್ರೆ ಇಲ್ಲ."

ಅಂದಿದ್ದಷ್ಟೇ ಅಲ್ಲ, ಆ ಎರಡನ್ನೇ ಹೆಕ್ಕಿ ಒಡೆದು ಬಾಯಿಗೆ ಹಾಕಿಕೊಂಡೆ. ಕೂತಿದ್ದವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು. ಅವರು ನಕ್ಕಿದ್ದು ನೋಡಿ ನನಗೆ ಸಮಾಧಾನವೂ ಆಯಿತು.

ಮಾರನೇ ದಿನ ಗುಡ್ಡೆ ಹಾಕಿದಾಗ ಅವರು ಮೂಲೆಗೆ ಏನೂ ಇಡಲಿಲ್ಲ. ನಾನು ರಷ್ಯಾಕ್ಕೆ ಹದಿಮೂರು ಅಂದೆ. ಸರಿ ಅಕ್ಕ, ನೀವು ಹೇಳಿದ್ದೇ ಸರಿ ಅಂದರು. ಮೊದಲು ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಗೆದ್ದೆ ಅಂದುಕೊಂಡೆ. ಅದರ ಮಾರನೇ ದಿನ ಹದಿನೈದು ಅಂದೆ. ಸರಿ ಅಂದರು. ಹದಿನೆಂಟಕ್ಕೂ ಸರಿ ಅಂದರು. ಒಂದು ದಿನ ಉರಿ ತಡೆಯದೆ, ಅಮೆರಿಕ ಯುದ್ಧಕ್ಕೆ ಬಂದೇ ಇರಲಿಲ್ಲ ಕಣ್ರೀ ಅಂದೆ. ಇರಬಹುದು ಅಂತ ಹೇಳಿ ಟೆಸ್ಟ್ ಪೇಪರು ತಿದ್ದತೊಡಗಿದರು. ಮಾತಿಗೆ ಕಮ್ಮಿಯಿರಲಿಲ್ಲ, ಬೆಳಗ್ಗೆ ನಮಸ್ಕಾರ, ಊಟ ಆಯ್ತಾ ಅಕ್ಕ, ಬಸ್ಸು ಬಂತು ಅಕ್ಕ, ಎಲ್ಲಾ ಇತ್ತು. ಜಗಳ ಒಂದು ಇರಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ನನ್ನ ಮುಂದೆ ಬಿದ್ದಿರುತ್ತಿತ್ತು, ತಿನ್ನಕ್ಕೆ ಮನಸ್ಸಿರಲಿಲ್ಲ. ಆ ಬೇಸಿಗೆ ರಜೆಯಲ್ಲಿ ಅವರ ತಾಯಿ ತೀರಿಕೊಂಡರು. ಶಿರಾಕ್ಕೆ ಹೋಗಿ ನಾವೆಲ್ಲ ಅವರ ಮನೆಯ ಹೊರಗೆ ಒಂದು ಗಳಿಗೆ ನಿಂತು ಬಂದೆವು. ಸ್ಕೂಲು ಶುರುವಾದ ಮೇಲೆ ಟ್ರಾನ್ಸ್‌ಫರ್ ಕೌನ್ಸೆಲಿಂಗ್ ಬಂತು. ಮೇಷ್ಟ್ರು ಶಿರಾದಲ್ಲೇ ಜಾಗವಿದ್ದರೂ ಬಿಟ್ಟು, ಪಾವಗಡದಾಚೆ ನಾಗಲಮಡಿಕೆ ಕಡೆಯ ಸ್ಕೂಲನ್ನು ಆರಿಸಿಕೊಂಡರು. ಆ ಮೂಲೆ ಯಾಕೆ ಬೇಕಿತ್ತು ಮೇಷ್ಟ್ರೇ ಅಂದರೆ, ಗಾಳಿ ಬದಲಾಗಲಿ ಅಕ್ಕ ಅಂದರು.

ಅವರು ಹೋದ ಮೇಲೆ ಒಂದು ಮಧ್ಯಾಹ್ನ ಅಡುಗೆ ಅಕ್ಕ ನನ್ನೆದುರು ಕೂತು ಅಕ್ಕಿ ಆರಿಸುತ್ತಿದ್ದರು. ನಾನು, ಮೇಷ್ಟ್ರಿಲ್ಲದೆ ಸ್ಟಾಫ್ ರೂಮು ಭಣಗುಟ್ಟುತ್ತೆ ಅಂದೆ. ಆ ಹೆಂಗಸು ಮೊರದಿಂದ ತಲೆ ಎತ್ತದೆ ಹೇಳಿತು:

"ನೀವು ಅವತ್ತು ಹಗ್ಗ ಹಿಡ್ದೋನ ಪಾಲು ತಿಂದ್ಬುಟ್ರಲ್ಲ ಮೇಡಮ್ಮೋರೆ. ಅದ ಯಾರೂ ತಿನ್ನಕಿಲ್ಲ."

ನನಗೆ ತಲೆ ಬುಡ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಕುರಿ ಕಡಿಯುವಾಗ ಹಗ್ಗ ಹಿಡಿದು ನಿಲ್ಲೋಕೆ ಒಬ್ಬ ಬೇಕು. ಅವನು ಕುರಿಗೆ ಕಾಸು ಹಾಕಿದವನಲ್ಲ, ಕಡಿದವನೂ ಅಲ್ಲ. ಆದರೆ ಗುಡ್ಡೆ ಹಾಕುವಾಗ ಮೊದಲು ಒಂದು ಚಿಕ್ಕ ಗುಡ್ಡೆ ಮೂಲೆಯಲ್ಲಿ ತೆಗೆದಿಡುತ್ತಾರೆ, ಅದು ಅವನದು. ಅದಕ್ಕೆ ಇದು ಯಾರಿಗೆ ಅಂತ ಕೇಳುವುದೂ ಇಲ್ಲ, ಹೆಸರು ಕೂಗುವುದೂ ಇಲ್ಲ. ಎಂಥ ಜಗಳಗಂಟನೂ ಅದಕ್ಕೆ ಕೈ ಹಾಕುವುದಿಲ್ಲ. ಇದು ಬಾಡು ತಿನ್ನುವ ಮನೆಯ ಮೂರು ವರ್ಷದ ಮಗುವಿಗೂ ಗೊತ್ತು, ಹೇಳಿಕೊಡಬೇಕಾಗಿಯೇ ಇಲ್ಲ. ಹೇಳಿಕೊಡಬೇಕಾಗಿದ್ದದ್ದು ನನ್ನಂಥ ಪುಳಿಚಾರಿಗೆ ಮಾತ್ರ. ಗುಡ್ಡೆ ಹಾಕೋದನ್ನು ಕಲಿತು, ಅದರ ಮರ್ಯಾದೆ ಕಲಿಯದೆ, ಏಳು ವರ್ಷ ಕೂತಿದ್ದೆ.

ಅವತ್ತಿನಿಂದ ನನಗೆ ಒಳಗೊಳಗೇ ಕೊರೆಯತೊಡಗಿತು. ಫೋನು ಮಾಡುತ್ತಿದ್ದೆ. ಚೆನ್ನಾಗಿದೀನಿ ಅಕ್ಕ, ಇಲ್ಲಿ ಎಲ್ಲಾ ತೆಲುಗು, ಮಕ್ಕಳು ಒಳ್ಳೆಯವರು ಅನ್ನುತ್ತಿದ್ದರು. ರಷ್ಯಾ ಅಂದ ಕೂಡಲೇ, ನೀವು ಹೇಳಿದ್ದೇ ಸರಿ ಅಕ್ಕ ಅಂತ ಮಾತು ಮುಗಿಸುತ್ತಿದ್ದರು. ರಿಟೈರ್ ಆದ ಮೇಲೆ ಹೊತ್ತು ಹೋಗದೆ ಬರ್ಮಾದ ಕಡೆಯ ಯುದ್ಧವನ್ನು ಓದಿದೆ. ಮಗಳು ತಂದುಕೊಟ್ಟ ದಪ್ಪ ಪುಸ್ತಕಗಳು, ಕನ್ನಡಕ ಹಾಕಿ ಭೂಪಟದ ಮೇಲೆ ಬೆರಳಿಟ್ಟು ಓದಿದೆ. ಅಷ್ಟು ವರ್ಷ ಪಾಠ ಮಾಡಿದ್ದೇನೆ, ಆ ಕಡೆಗೆ ಒಂದು ದಿನ ತಲೆ ಹಾಕಿರಲಿಲ್ಲ. ಕಾಡು, ಕೆಸರು, ದೊಡ್ಡ ದೊಡ್ಡ ಹೊಳೆ. ದಾರಿ ಮಾಡಿ ಸೇತುವೆ ಕಟ್ಟುವವರು ಮುಂದೆ ಹೋಗದೆ ಒಬ್ಬ ಸಿಪಾಯಿಯೂ ಹೆಜ್ಜೆ ಎತ್ತಿಡುವ ಹಾಗಿರಲಿಲ್ಲ. ಓದುತ್ತ ಓದುತ್ತ ನನಗೆ ನಾಚಿಕೆಯಾಯಿತು. ಎರಡು ಕಾಯಿ ಹೆಚ್ಚಲ್ಲ, ಕಮ್ಮಿಯೇ ಆಯಿತು ಅನಿಸಿತು. ಇದನ್ನು ಅವರ ಮುಖ ನೋಡಿಯೇ ಹೇಳಬೇಕು, ಆಮೇಲೆ ಅವರು ಮೊದಲಿನ ಹಾಗೆ ನನ್ನ ಮೇಲೆ ಬೀಳಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಹೋದ ತಿಂಗಳು ಒಂದು ಭಾನುವಾರ ಹೊರಟೆ. ಪಾವಗಡದಲ್ಲಿ ಇಳಿದು ನಾಗಲಮಡಿಕೆಯ ಬಸ್ಸು ಹತ್ತಿದಾಗ ಕಂಡಕ್ಟರು, ಯಾಡಿಕಮ್ಮಾ, ಅಂತ ಎಲ್ಲಿಗೆ ಅನ್ನೋದನ್ನ ತೆಲುಗಿನಲ್ಲೇ ಕೇಳಿದ. ನಾಗಲಮಡಿಕೆಯಲ್ಲಿ ಇಳಿದಾಗ ಮೇಷ್ಟ್ರು ಬಸ್ಸಿನ ಹತ್ತಿರ ಬಂದು ನಿಂತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನ ಕೈಚೀಲ ಕಸಿದುಕೊಂಡು, ಅಕ್ಕ ಸಣ್ಣ ಆಗಿದೀರಾ ಅಂದರು. ಹೆಂಡತಿ ಶಿರಾಕ್ಕೆ ಹೋಗಿದ್ದರಿಂದ ತಾವೇ ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ ಮಾಡಿದ್ದರು. ಪಲ್ಯಕ್ಕೆ ಬೆಳ್ಳುಳ್ಳಿ ಹಾಕಿಲ್ಲ, ನಿಮಗೆ ಆಗಲ್ಲ ಅಂತ ನೆನಪಿದೆ ಅಂದರು. ಇಬ್ಬರೂ ಚಾಪೆ ಹಾಸಿಕೊಂಡು ಉಂಡೆವು. ಊಟವಾದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ರಷ್ಯಾ ಒಂದೇ ಏನೂ ಮಾಡಕ್ಕಾಗ್ತಿರಲಿಲ್ಲ ಮೇಷ್ಟ್ರೇ, ಲಾರಿ ಇಲ್ದಿದ್ರೆ ಅಲ್ಲೇ ಕೂತಿರ್ಬೇಕಾಗಿತ್ತು, ಅಂತ ಅವರ ಮಾತನ್ನೇ ನಾನು ಎತ್ತಿದೆ. ಇನ್ನೇನು, ಅಲ್ಲ ಅಕ್ಕ ಅಂತಾರೆ ಅಂತ ಕಾದೆ.

ಸರಿ ಅಕ್ಕ, ನೀವು ಹೇಳಿದ್ದೇ ಸರಿ, ಅಂದರು.

ನನಗೆ ಅಳುವೇ ಬಂತು. ಬೈದೆ. ನನ್ನನ್ನ ಹೀಗೆ ಸಾಯಿಸಬೇಡಿ, ನಾನು ಮಾಡಿದ್ದು ತಪ್ಪು, ಹಗ್ಗ ಹಿಡಿದವನ ಪಾಲು ತಿಂದೆ, ಬೇಕಿದ್ರೆ ನಾಲ್ಕು ಬೈದುಬಿಡಿ, ಈ ಸರಿ ಸರಿ ಅನ್ನೋದು ಬೇಡ ಅಂದೆ. ಮೇಷ್ಟ್ರು ಚಾಪೆಯ ದಾರ ಕೀಳುತ್ತ, ನಿಧಾನವಾಗಿ ಹೇಳಿದರು.

ಅವರ ನಾನಾ ಹೊರಟಾಗ ಅವರಮ್ಮ ಮೂರು ತಿಂಗಳ ಕೂಸು. ಅಪ್ಪನ ಮುಖದ ನೆನಪೇ ಇರಲಿಲ್ಲ. ಬೆಳೆಯುವಾಗ ಊರಿನವರು, ಯುದ್ಧದಲ್ಲಿ ಸತ್ತಿದ್ರೆ ಬೇರೆ ಮಾತು, ಜ್ವರ ಬಂದು ಸತ್ತೋನು, ಇಲ್ಲೇ ಸಾಯಬಹುದಿತ್ತು ಅಂತ ಆಡಿಕೊಳ್ಳುತ್ತಿದ್ದರಂತೆ. ಎಂಬತ್ತರ ಹತ್ತಿರ ಬಂದು ಹಾಸಿಗೆ ಹಿಡಿಯುವ ಹೊತ್ತಿಗೆ ಆ ತಾಯಿಗೆ ಅದೊಂದೇ ಚಿಂತೆ. ಮಗನಿಗೆ ಹೇಳಿದರಂತೆ, ನಿಮ್ಮ ಸ್ಕೂಲಲ್ಲಿ ಇತಿಹಾಸದ ಮೇಡಂ ಇದ್ದಾರಲ್ಲ, ಅವರನ್ನ ಕೇಳು, ನಮ್ಮಪ್ಪ ಸುಮ್ನೆ ಸತ್ತರಾ ಅಂತ. ನೇರ ಕೇಳಲು ಮೇಷ್ಟ್ರಿಗೆ ಸಂಕೋಚ. ಅದಕ್ಕೇ ಆ ಎರಡು ಕಾಯಿ. ನಾನು ಒಂದು ದಿನ ಸರಿಸದೆ ಬಿಟ್ಟರೆ ಸಾಕು, ಅಮ್ಮಿಗೆ ಹೋಗಿ ಹೇಳೋಣ ಅಂತ ಕಾದಿದ್ದರಂತೆ. ಜೇಬಿನಲ್ಲಿ ತಗೊಂಡು ಹೋದ ಕಾಯಿಗಳನ್ನು ಅಮ್ಮಿ ಕೈಗೆ ಕೊಟ್ಟು, ಇನ್ನೂ ಮಾತಾಡ್ತಿದೀವಿ ಅನ್ನುತ್ತಿದ್ದರಂತೆ.

"ಅವತ್ತು ನೀವು ಇಲ್ಲ ಅಂದ್ರಲ್ಲ ಅಕ್ಕ, ಸಾಯಂಕಾಲ ಅಮ್ಮಿ ಕೈ ಚಾಚಿದ್ರು. ಕಾಯಿ ಇರಲಿಲ್ಲ. ಮೇಡಂ ಒಪ್ಪಿಕೊಂಡ್ರು ಅಮ್ಮಿ, ಇನ್ಮೇಲೆ ಕಾಯಿ ಬೇಕಾಗಿಲ್ಲ ಅಂದ್ಬುಟ್ಟೆ."

ಅದಾಗಿ ಸ್ವಲ್ಪ ದಿನಕ್ಕೆ ಶಬೇ ಬರಾತ್ ಬಂತು, ತೀರಿಕೊಂಡ ಹಿರಿಯರ ಹೆಸರಲ್ಲಿ ಸಿಹಿ ಮಾಡಿ ಹಂಚುವ ಹಬ್ಬ. ಆ ತಾಯಿ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಒಲೆ ಮುಂದೆ ನಿಂತು, ಕಡಲೆಬೇಳೆ ಹಲ್ವಾವನ್ನು ತಾವೇ ಮಗುಚಿ, ಮೇಡಂಗೆ ಅಂತ ಒಂದು ಡಬ್ಬಿ ಕಳಿಸಿದ್ದರು. ನನಗೆ ನೆನಪಿತ್ತು. ಹೇಗೆ ಮರೆಯಲಿ, ತಳ ಬಳಿದು ತಿಂದಿದ್ದೆ. ಖಾಲಿ ಡಬ್ಬಿ ವಾಪಸು ಕೊಡಬಾರದು ಅಂತ ಒಂದು ಹಿಡಿ ಸಕ್ಕರೆ ಹಾಕಿ, ಚೆನ್ನಾಗಿತ್ತು ಅಂತ ಹೇಳಿ ನಿಮ್ಮಮ್ಮನಿಗೆ, ಅಂತಲೂ ಅಂದಿದ್ದೆ. ಆ ಮಾತನ್ನು ಅವರು ಹೋಗಿ ಹಾಗೇ ಹೇಳಿದರಂತೆ. ಅವರಮ್ಮ ಆ ಸಕ್ಕರೆಯನ್ನು ಬೇರೆ ಡಬ್ಬಿಯಲ್ಲಿಟ್ಟು ಬಂದವರಿಗೆಲ್ಲ ಒಂದು ಚಿಟಿಕೆ ಕೊಟ್ಟು, ನಮ್ಮಪ್ಪನಿಗೆ ಪಾಲಿದೆಯಂತೆ, ಮಧುಗಿರಿ ಮೇಡಂ ಹೇಳಿದಾರೆ ಅನ್ನುತ್ತಿದ್ದರಂತೆ. ಆ ಬೇಸಿಗೆಗೆ ಹೋದರು.

ಆಮೇಲೆ ನಿಮ್ಮ ಜೊತೆ ಹೆಂಗೆ ವಾದಕ್ಕೆ ಕೂರ್ಲಿ ಅಕ್ಕ ಅಂದರು ಮೇಷ್ಟ್ರು. ಮತ್ತೆ ಆ ಮಾತು ಬರುತ್ತೆ, ನೀವು ಮತ್ತೆ ಇಲ್ಲ ಅಂತೀರಿ, ಮನೆಗೆ ಹೋಗಿ ಅಮ್ಮಿ ಮುಖ ನೋಡಕ್ಕೆ ಆಗ್ತಿರಲಿಲ್ಲ. ಎಲ್ಲದಕ್ಕೂ ಸರಿ ಅಂದ್ರೆ ಆ ಮಾತೇ ಬರಲ್ಲ ಅಂತ ಹಂಗೆ ಮಾಡಿದೆ, ಅಮ್ಮಿ ಹೋದ ಮೇಲೂ ಅವರು ನಂಬಿದ್ದನ್ನ ನಿಮ್ಮ ಬಾಯಲ್ಲಿ ಇಲ್ಲ ಅನ್ನಿಸಕ್ಕೆ ಮನಸ್ಸಾಗಲಿಲ್ಲ ಅಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಎಷ್ಟು ಮಕ್ಕಳಿಗೆ ಕಾಪಿ ಬರೆಸಿದ್ದೇನೆ ನಾನು. ಅವರ ಕೈ ಹಿಡಿದುಕೊಂಡೆ. ಇಷ್ಟು ವರ್ಷದಲ್ಲಿ ಅದೇ ಮೊದಲು. ಪುಸ್ತಕದಲ್ಲಿ ಓದಿದ್ದೆಲ್ಲ ಹೇಳಿದೆ. ಹೊಳೆಗಳ ಹೆಸರು ಹೇಳಿದೆ, ಎಲ್ಲಿ ದೋಣಿ ಜೋಡಿಸಿದರು, ಯಾವ ಸೈನ್ಯ ಅದರ ಮೇಲೆ ದಾಟಿತು, ಜ್ವರ ಅನ್ನೋದು ಅಲ್ಲಿ ಗುಂಡಿಗಿಂತ ಏನೂ ಕಮ್ಮಿಯಿರಲಿಲ್ಲ ಅನ್ನೋದನ್ನೂ ಹೇಳಿದೆ.

"ಪಾಲಿದೆ ಮೇಷ್ಟ್ರೇ. ನಿಮ್ಮ ನಾನಾಗೆ ಪಾಲಿದೆ. ಸುಮ್ನೆ ಸತ್ತೋರಲ್ಲ ಅವರು."

ಮೇಷ್ಟ್ರು ತಲೆ ಎತ್ತಿದರು. ಐವತ್ತು ದಾಟಿದ ಮನುಷ್ಯ. ಕಣ್ಣು ತುಂಬಿತ್ತು.

"ನಿಜವಾಗ್ಲೂನಾ ಅಕ್ಕ?" ಅಂದರು. "ಇತಿಹಾಸದ ಮೇಡಂ ಆಗಿ ಹೇಳ್ತಿದೀರೋ, ಇಲ್ಲಾ ನಾನು ಮತ್ತೆ ನಿಮ್ಮ ಜೊತೆ ಮಾತಾಡ್ಲಿ ಅಂತ ಹೇಳ್ತಿದೀರೋ?"

ಇತಿಹಾಸದ ಮೇಡಂ ಆಗಿಯೇ ಅಂದೆ. ತಾಯಾಣೆ ಅಂದೆ. ಅವರು ತಲೆಯಾಡಿಸಿ, ಸರಿ ಅಕ್ಕ, ಅಂದರು. ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.